ಇಬ್ಸೆನ್ ನಾಟಕವನ್ನು ಕೋಲಾರದಲ್ಲಿ ಆಡಿಸುವುದಾದರೆ ಏನು ಬದಲಿಸಬೇಕು?

ಹೆಸರು, ಬಟ್ಟೆ ಬದಲಿಸಿದರೆ ಸಾಲದು. ನಾರ್ವೆಯ ನಾಟಕಕಾರ ಇಬ್ಸೆನ್ ಬರೆದ ‘ಜನತೆಯ ಶತ್ರು’ ನಾಟಕವನ್ನೇ ತೆಗೆದುಕೊಳ್ಳಿ, ಅದು 1882ರದ್ದು. ನಾರ್ವೆಯ ಒಂದು ಊರಿನಲ್ಲಿ ಆರೋಗ್ಯಕ್ಕೆಂದು ಜನ ಬರುವ ಸ್ನಾನಗೃಹಗಳ ನೀರು ಕೆಟ್ಟಿದೆ ಎಂದು ಡಾಕ್ಟರ್ ಹೇಳುತ್ತಾನೆ. ಊರಿನ ಸಂಪಾದನೆ ಆ ಸ್ನಾನಗೃಹಗಳಿಂದಲೇ, ಹಾಗಾಗಿ ಎಲ್ಲರೂ ಅವನ ಮೇಲೆ ತಿರುಗಿ ಬೀಳುತ್ತಾರೆ. ಮೇಯರ್ ಬೇರೆ ಡಾಕ್ಟರ ಸ್ವಂತ ಅಣ್ಣ.

ಸತ್ಯಜಿತ್ ರಾಯ್ 1989ರ ‘ಗಣಶತ್ರು’ ಸಿನಿಮಾದಲ್ಲಿ ಆ ನೀರನ್ನು ದೇವಸ್ಥಾನದ ತೀರ್ಥ ಮಾಡಿದರು. ಕೋಲಾರದವರು ಅಷ್ಟು ದೂರ ಹೋಗಬೇಕಿಲ್ಲ. ಸಾವಿರ ಅಡಿ ಬೋರ್‌ವೆಲ್ ಕೊರೆಸಿ ಫ್ಲೋರೈಡ್ ನೀರು ಕುಡಿದ ಜಿಲ್ಲೆ ಇದು. ಒಂದು ಕಾಲ್ಪನಿಕ ಕೆರೆ ಇಟ್ಟುಕೊಳ್ಳಿ; ಅದರ ನೀರು ಕೆಟ್ಟಿದೆ, ಊರಿನ ಟೊಮೆಟೊ ಬೆಳೆಯುವುದು ಅದರಲ್ಲೇ. ಅಣ್ಣ ಪಂಚಾಯಿತಿ ಅಧ್ಯಕ್ಷನಾಗಲಿ. ಡಾಕ್ಟರ ವರದಿ ಹೊರಬಿದ್ದರೆ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಕೇಳೋರೇ ಇರುವುದಿಲ್ಲ. ಆಗ ರೈತನ ಸಿಟ್ಟೂ ನ್ಯಾಯವೇ, ಅಲ್ವಾ? ನಾಟಕ ಬಿಗಿಯಾಗುವುದು ಅಲ್ಲೇ.

ನಾಲ್ಕನೇ ಅಂಕದ ಸಭೆಯನ್ನು ಗ್ರಾಮಸಭೆ ಮಾಡಿ, ನಟರನ್ನು ಪ್ರೇಕ್ಷಕರ ನಡುವೆ ಕೂರಿಸಿ. ಜಾಸ್ತಿ ಕಷ್ಟ ಇರುವುದು ಡಾಕ್ಟರ ಭಾಷಣದಲ್ಲಿ. ಬಹುಮತ ಯಾವತ್ತೂ ತಪ್ಪು ಎನ್ನುತ್ತಾನೆ, ಬೀದಿನಾಯಿಗೂ ತಳಿನಾಯಿಗೂ ಇರುವ ವ್ಯತ್ಯಾಸ ಮನುಷ್ಯರಲ್ಲೂ ಇದೆ ಎನ್ನುತ್ತಾನೆ. ದಲಿತ ಚಳವಳಿ ಬೆಳೆದ ನೆಲದಲ್ಲಿ ಇದು ನೇರವಾಗಿ ಜಾತಿಯ ಮಾತಾಗಿಯೇ ಕೇಳಿಸುತ್ತದೆ. ಹಾಗಂತ ಸುಮ್ನೆ ಕತ್ತರಿಸಬೇಡಿ. ಸಭೆಯಲ್ಲಿ ಒಬ್ಬಳು ಎದ್ದು, ‘ನಾವು ಯಾವ ತಳಿ ಸಾರ್?’ ಎಂದು ಕೇಳಲಿ. ಡಾಕ್ಟರಿಗೆ ಉತ್ತರ ಬರೆಯಬೇಡಿ.

ಇಬ್ಸೆನ್ ತೀರಿಕೊಂಡದ್ದು 1906ರಲ್ಲಿ, ಮೂಲ ನಾಟಕಕ್ಕೆ ಹಕ್ಕಿನ ತಕರಾರಿಲ್ಲ. ಇತ್ತೀಚಿನ ಅನುವಾದ ಬಳಸಿದರೆ ಮಾತ್ರ ಅನುವಾದಕರ ಅನುಮತಿ ಕೇಳಿ.