ಕರಿಕೋಟು ಇಲ್ಲದವರಿಗೆ ವಕೀಲರ ಕಚೇರಿಯಲ್ಲೇನು ಕೆಲಸ?

(ಹೆಸರು ಬೇಡ ಎಂದಿರುವ ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: "ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ತಾಲ್ಲೂಕು ಕೋರ್ಟಿನ ಎದುರಿನ ವಕೀಲರ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಿದ್ದೇನೆ. ಬೆಂಗಳೂರಿನ ಕಾನೂನು ಸಂಸ್ಥೆಯೊಂದರಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕ) ಕೆಲಸದ ಸಂದರ್ಶನಕ್ಕೆ ಹೋಗಿದ್ದೆ. 'ಲಾ ಓದಿಲ್ಲ, ಮತ್ತೆ ಈ ಕಡೆ ಯಾಕೆ ಬಂದಿರಿ?' ಅಂದರು. ಚಿಕ್ಕಂದಿನಿಂದ ನ್ಯಾಯದ ಬಗ್ಗೆ ಆಸಕ್ತಿ, ಬಡವರ ಸೇವೆ ಮಾಡುವಾಸೆ ಎಂದೆ. ಕೆಲಸ ಸಿಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕಡೆ ಕರೆದಿದ್ದಾರೆ. ಏನು ಹೇಳಲಿ?")

ನೀವು ಹೇಳಿದ್ದು ಸುಳ್ಳು ಎನ್ನಲಾರೆ. ನಿಮಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತೆದ್ದವರೂ ಅದನ್ನೇ ಹೇಳಿರುತ್ತಾರೆ, ಅಷ್ಟೆ. ನಮ್ಮಲ್ಲಿ ಉಪಸಂಪಾದಕರ ಹುದ್ದೆಗೆ ಬರುವವರೆಲ್ಲರಿಗೂ ಬಾಲ್ಯದಿಂದಲೇ ಸಾಹಿತ್ಯದಲ್ಲಿ ಆಸಕ್ತಿ ಇರುತ್ತದೆ. ಕೇಳಿ ಕೇಳಿ ಸಾಕಾಗಿ ಈಗ ನಾನು, "ಕೊನೆಯದಾಗಿ ಯಾವ ಕರಡು ತಿದ್ದಿದಿರಿ, ಏನು ತಪ್ಪು ಸಿಕ್ಕಿತು?" ಎನ್ನುತ್ತೇನೆ. ಬಹಳ ಜನ ಅಲ್ಲೇ ತಡವರಿಸುತ್ತಾರೆ.

ನಿಮಗೆ ತಡವರಿಸುವ ಪ್ರಮೇಯವಿಲ್ಲ. ಪತ್ರದ ಮೂರನೇ ಪುಟದಲ್ಲಿ, ಬೇರೇನೋ ಹೇಳುವ ಭರದಲ್ಲಿ ಒಂದು ಸಂಗತಿ ಬರೆದಿದ್ದೀರಿ. ಪಾಲಿನ ದಾವೆಯೊಂದನ್ನು ಟೈಪ್ ಮಾಡುವಾಗ ಷೆಡ್ಯೂಲಿನಲ್ಲಿದ್ದ (ಆಸ್ತಿ ವಿವರದ ಪಟ್ಟಿಯಲ್ಲಿದ್ದ) ಹಿಸ್ಸಾ ನಂಬರು ಹಳೆಯ ಕ್ರಯಪತ್ರದ ಜೊತೆ ತಾಳೆಯಾಗಲಿಲ್ಲ. "ಕೊಟ್ಟಿದ್ದನ್ನ ಟೈಪ್ ಮಾಡಪ್ಪ" ಎಂದು ಗುಮಾಸ್ತರು ಗದರಿದರೂ ನೀವು ಪಹಣಿ ತೆಗೆಸಿ ನೋಡಿದಿರಿ, ವಕೀಲರ ಮುಂದಿಟ್ಟಿರಿ. ದಾವೆ ಹೂಡುವ ಮುಂಚೆಯೇ ತಪ್ಪು ಸರಿಹೋಯಿತು.

ಇದರ ಬೆಲೆ ನಿಮಗೇ ತಿಳಿದಂತಿಲ್ಲ. ಆ ತಪ್ಪು ಹಾಗೇ ಕೋರ್ಟಿಗೆ ಹೋಗಿದ್ದರೆ ಸಿ.ಪಿ.ಸಿ. (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 6, ರೂಲ್ 17ರ ಅಡಿ ತಿದ್ದುಪಡಿ ಅರ್ಜಿ, ಅದಕ್ಕೆ ಎದುರು ಪಕ್ಷದ ತಕರಾರು, ನಡುವೆ ವಾಯಿದೆ ಮೇಲೆ ವಾಯಿದೆ. ವಿಚಾರಣೆ ಶುರುವಾದ ಮೇಲೆ ಕಣ್ಣಿಗೆ ಬಿದ್ದಿದ್ದರಂತೂ, ಎಷ್ಟು ಎಚ್ಚರ ವಹಿಸಿದ್ದರೂ ಮೊದಲೇ ಕೇಳಲಾಗುತ್ತಿರಲಿಲ್ಲ ಎಂದು ನ್ಯಾಯಾಧೀಶರಿಗೆ ಮನದಟ್ಟು ಮಾಡಬೇಕಿತ್ತು. 2002ರಿಂದ ಜಾರಿಯಲ್ಲಿರುವ ಷರತ್ತು ಅದು. ಕ್ರಯಪತ್ರ ಕೈಯಲ್ಲೇ ಇಟ್ಟುಕೊಂಡು ಹಾಗೆ ಹೇಳುವುದು ಹೇಗೆ?

ಯಾಕೆ ಬಂದಿರಿ ಅಂದರೆ ಇದನ್ನೇ ಹೇಳಿ. ಗದರಿಸಿಕೊಂಡ ಮೇಲೂ ಯಾಕೆ ಟೈಪ್ ಮಾಡಿ ಎದ್ದು ಹೋಗಲಿಲ್ಲ, ಅದನ್ನು ಹೇಳಿ.

ತಂದೆಯವರ ಜಮೀನಿನ ಕೇಸು ಹನ್ನೊಂದು ವರ್ಷದಿಂದ ನಡೆದಿದೆ, ಆ ಮಾತು ಎತ್ತಬಹುದೇ ಎಂದೂ ಕೇಳಿದ್ದೀರಿ. ಎತ್ತಿ, ಎರಡು ವಾಕ್ಯದಲ್ಲಿ ಮುಗಿಸಿ. ಕಹಿ ಹೆಚ್ಚಾದರೆ, ಈ ಹುಡುಗ ಹಳೆ ಲೆಕ್ಕ ಚುಕ್ತಾ ಮಾಡಲು ಬಂದಿದ್ದಾನೆ ಅನ್ನಿಸಿಬಿಡುತ್ತದೆ. ಅಪ್ಪನ ಜೊತೆ ಬಸ್ಸು ಹತ್ತಿ ಹೋಗಿ ಬರೀ ತಾರೀಖು ತಗೊಂಡು ವಾಪಸು ಬಂದದ್ದರಿಂದಲೇ ಕಕ್ಷಿದಾರರಿಗೆ ಹಿಂದಿನ ದಿನ ಫೋನ್ ಮಾಡುವ ಅಭ್ಯಾಸ ನಿಮಗೆ ಬಂತಂತಲ್ಲ, ಅಲ್ಲಿಗೆ ತಂದು ನಿಲ್ಲಿಸಿ.

ಇನ್ನು ನಿಮ್ಮ ಸೋದರಮಾವನವರ ಸಲಹೆ: "ಗಾಂಧೀಜಿಗೂ ಲಾ ಡಿಗ್ರಿ ಇರಲಿಲ್ಲ, ಲಿಂಕನ್‌ಗೂ ಇರಲಿಲ್ಲ ಅಂತ ಹೇಳು." ಮಾವ ಹೇಳಿದ್ದು ನಿಜವೇ. ಗಾಂಧೀಜಿ ಲಂಡನ್ನಿನ ಇನ್ನರ್ ಟೆಂಪಲ್ ಎಂಬ ಬ್ಯಾರಿಸ್ಟರುಗಳ ಸಂಘ ಸೇರಿ, ಅಲ್ಲಿನ ಊಟಗಳಿಗೆ ಹಾಜರಿ ಹಾಕಿ (ಅದೂ ಕಡ್ಡಾಯವಿತ್ತು!), ರೋಮನ್ ಲಾ, ಕಾಮನ್ ಲಾ ಪರೀಕ್ಷೆ ಪಾಸಾಗಿ 1891ರಲ್ಲಿ ಬ್ಯಾರಿಸ್ಟರ್ ಆದರು. ಲಿಂಕನ್ ತಾವೇ ಪುಸ್ತಕ ಓದಿಕೊಂಡು 1836ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ವಕೀಲಿ ಸನ್ನದು (ಪರವಾನಗಿ) ಪಡೆದರು. ಅವರವರ ಕಾಲದ ನಿಯಮ ಅದಕ್ಕೆ ಒಪ್ಪಿತ್ತು. ನಮ್ಮಲ್ಲಿ 1961ರ ವಕೀಲರ ಕಾಯ್ದೆಯಡಿ ಸನ್ನದು ಬೇಕೆಂದರೆ ಕಾನೂನು ಪದವಿ ಬೇಕೇ ಬೇಕು. ಲಿಂಕನ್‌ರನ್ನು ಮನೆಯಲ್ಲೇ ಬಿಟ್ಟು ಹೋಗಿ. ಕಡತ ಓದುವುದು, ದಾಖಲೆ ತಾಳೆ ನೋಡುವುದು, ಕರಡು ಸಿದ್ಧಪಡಿಸುವುದು, ತಾರೀಖು ತಪ್ಪದಂತೆ ನೋಡಿಕೊಳ್ಳುವುದು ನನ್ನ ಕೆಲಸ, ಸಲಹೆ ಮತ್ತು ವಾದ ವಕೀಲರದು ಎಂದು ನೀವಾಗಿಯೇ ಹೇಳಿದರೆ ಅವರ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಮುಂದೆ ಎಲ್‌ಎಲ್.ಬಿ. ಮಾಡುತ್ತೀರಾ ಎಂದು ಕೇಳಿಯೇ ಕೇಳುತ್ತಾರೆ. ಪದವೀಧರರಿಗೆ ಮೂರು ವರ್ಷದ ಕೋರ್ಸಿದೆ. ಉತ್ಸಾಹದಲ್ಲಿ "ಕೆಲಸ ಮಾಡುತ್ತಲೇ ಓದುತ್ತೇನೆ" ಎನ್ನಬೇಡಿ. ಬಾರ್ ಕೌನ್ಸಿಲ್ ನಿಯಮ ಶೇ. 70ರಷ್ಟು ಹಾಜರಿ ಕೇಳುತ್ತದೆ, ಎದುರಿಗೆ ಕೂತವರಿಗೆ ಅದು ಚೆನ್ನಾಗಿ ಗೊತ್ತು. ಕೆಲವು ವರ್ಷ ದುಡಿದು, ಆಮೇಲೆ ಬಿಟ್ಟು ಓದುವ ಯೋಚನೆಯಿದ್ದರೆ ಹಾಗೆಯೇ ಹೇಳಿ. ಬಡವರ ಸೇವೆಯ ಆಸೆ ನಿಮ್ಮನ್ನು ಇನ್ನೂ ಬಿಟ್ಟಿಲ್ಲವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರೆ ಕಾನೂನು ಸ್ವಯಂಸೇವಕರಾಗಲು ವಿಚಾರಿಸಿ. ಅದಕ್ಕೆ ಪದವಿ ಬೇಡ. ಸಂಬಳವೂ ಇಲ್ಲ, ಗೌರವಧನ ಮಾತ್ರ. ಒಂದು ವರ್ಷ ಆ ಕೆಲಸ ಮಾಡಿ ಬಂದರೆ 'ಸೇವೆ' ಎಂಬ ಪದವನ್ನು ಧಾರಾಳವಾಗಿ ಬಳಸಿಕೊಳ್ಳಿ.

ಇನ್ನೊಂದು. ನಿಮ್ಮ ಪತ್ರದಲ್ಲಿ ಆ ಪಾಲಿನ ದಾವೆಯ ಕಕ್ಷಿದಾರರ ಹೆಸರು, ಊರು, ಸರ್ವೆ ನಂಬರು ಎಲ್ಲವೂ ಇದ್ದವು. ಅಚ್ಚಿಗೆ ಕಳಿಸುವ ಮುಂಚೆ ನಾವು ಹೊಡೆದುಹಾಕಿದೆವು. ಸಂದರ್ಶನದ ಕೋಣೆಯಲ್ಲಿ ಆ ಕೆಲಸ ನೀವೇ ಮಾಡಬೇಕು.