ಲವ್ ಬರ್ಡ್ಸ್‌ಗೆ ಬಿಸಿನೀರ ಸ್ನಾನ ಬೇಕಾ?

ಪ್ರಶ್ನೆ: ಮಗಳ ಹಟಕ್ಕೆ ಒಂದು ಜೊತೆ ಲವ್ ಬರ್ಡ್ಸ್ ತಂದು ನಾಲ್ಕು ತಿಂಗಳಾಯಿತು. ಒಂದು ಹಸಿರು, ಒಂದು ನೀಲಿ, ಬೆನ್ನ ಮೇಲೆ ಕಪ್ಪು ಅಲೆಅಲೆ ಗೆರೆ. ಬಟ್ಟಲಲ್ಲಿ ನೀರಿಟ್ಟರೂ ಕುಡಿಯುತ್ತವೆಯೇ ಹೊರತು ಒಂದು ದಿನವೂ ಮಿಂದಿಲ್ಲ. ವಾರಕ್ಕೊಮ್ಮೆ ಬಿಸಿನೀರು ಹಾಕು ಅಂತಾರೆ ಅತ್ತೆ. ಮಗಳು ಬೇಬಿ ಶಾಂಪೂ ಹಿಡಿದು ನಿಂತಿದ್ದಾಳೆ. ಏನು ಮಾಡಲಿ?
– ಗೃಹಿಣಿ, ತುಮಕೂರು

ಉತ್ತರ: ಮೊದಲು ಆ ಶಾಂಪೂ ಬಚ್ಚಲುಮನೆಗೆ ವಾಪಸ್ ಹೋಗಲಿ. ಕೋಳಿ ಶುಚಿ ಮಾಡುವಾಗ ಬಾಲದ ಬುಡದಲ್ಲಿರೋ ಸಣ್ಣ ಗಂಟನ್ನು ಕೊಯ್ದು ಎಸೆಯುತ್ತಾರೆ, ನೋಡಿದ್ದೀರಾ? ಅದು ಎಣ್ಣೆಯ ಗಂಟು. ನಿಮ್ಮ ಹಕ್ಕಿಗಳಿಗೂ ಇದೆ. ಕೊಕ್ಕಿಗೆ ಆ ಎಣ್ಣೆ ತಗುಲಿಸಿಕೊಂಡು ಒಂದೊಂದೇ ಗರಿಗೆ ಸವರಿಕೊಳ್ಳುತ್ತವೆ. ಸೋಪು, ಶಾಂಪೂ, ಬಿಸಿನೀರು ಆ ಎಣ್ಣೆಯನ್ನೇ ತೊಳೆದುಬಿಡುತ್ತವೆ.

ಅಂದಹಾಗೆ, ನಿಮ್ಮವು ಬಡ್ಜಿ ಅನ್ನೋ ಪುಟ್ಟ ಗಿಣಿಗಳು. ನಮ್ಮ ಕಡೆ ಅಂಗಡಿಯವರು ಇವಕ್ಕೇ ಲವ್ ಬರ್ಡ್ಸ್ ಅಂತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಬಡ್ಜಿಯ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ಇಬ್ಬನಿ ಬಿದ್ದ ಹುಲ್ಲಿಗೆ ಮೈ ಉಜ್ಜಿ ಮೀಯುವ ಹಕ್ಕಿಗೆ ನಿಮ್ಮ ಬಟ್ಟಲು ಏನಂತ ಅರ್ಥವಾಗಬೇಕು?

ನಾನೂ ಮೊದಲ ಬಡ್ಜಿ ತಂದ ವರ್ಷ ಮಗ್ಗಿನಲ್ಲಿ ನೀರು ಹಿಡಿದು ಕೈಯಾರೆ ಸ್ನಾನ ಮಾಡಿಸಿದ್ದೆ. 30–40 ಗ್ರಾಂ ತೂಗುವ ಜೀವ ಅದು. ನೆಂದ ಮೇಲೆ ನನ್ನ ಹೆಬ್ಬೆರಳಷ್ಟಾಯಿತು. ಮೂಲೆಯಲ್ಲಿ ಕೂತು ಗಡಗಡ ನಡುಗಿತು. 60 ವ್ಯಾಟಿನ ಬಲ್ಬ್ ಹಚ್ಚಿಟ್ಟು ಮಧ್ಯಾಹ್ನವಿಡೀ ಕಾದೆ. ಬದುಕಿತು, ಆದರೆ ಆಮೇಲೆ ಎರಡು ತಿಂಗಳು ನನ್ನ ಕೈ ಕಂಡರೆ ಕಿರುಚುತ್ತಿತ್ತು.

ನೀವು ಹೀಗೆ ಮಾಡಿ. ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಮೂರು ಸಲ ಚೆನ್ನಾಗಿ ತೊಳೆಯಿರಿ, ಔಷಧಿ ಹೊಡೆದಿರುತ್ತಾರಲ್ಲ. ನೀರು ಕೊಡವದೆ ಹಾಗೇ ಪಂಜರದೊಳಗೆ ಕಟ್ಟಿ. ಮೊದಲ ದಿನ ದೂರ ಕೂತು ದಿಟ್ಟಿಸುತ್ತವೆ. ಮಾರನೇ ದಿನ ಒಂದು ಎಲೆ ಕಚ್ಚುತ್ತವೆ. ಆಮೇಲೆ ಒಂದು ಬೆಳಿಗ್ಗೆ ತಲೆಯನ್ನು ಸೊಪ್ಪಿನೊಳಗೆ ತೂರಿಸಿ, ಕತ್ತು ಉಜ್ಜಿ, ರೆಕ್ಕೆ ಬಿಚ್ಚಿ ಜೋತುಬೀಳುತ್ತವೆ. ಮಗಳನ್ನು ಕರೆದು ತೋರಿಸಿ. ಬೆಳಿಗ್ಗೆಯೇ ಕಟ್ಟಿ, ಸಂಜೆಯೊಳಗೆ ಮೈ ಒಣಗಬೇಕು. ಮುಟ್ಟದಿದ್ದರೆ ಸುಮ್ನೆ ಬಿಟ್ಟುಬಿಡಿ.

ಪ್ರಶ್ನೆ: ನಮ್ಮ ಕಾಕಟೀಲ್ ಗಿಣಿ ರೆಕ್ಕೆ ಕೊಡವಿದರೆ ಬಿಳಿ ಪುಡಿ ಉದುರುತ್ತದೆ. ಕಾಯಿಲೆನಾ?
– ವಿದ್ಯಾರ್ಥಿ, ಹಾಸನ

ಉತ್ತರ: ಅಲ್ಲ. ಅದರ ಕೆಲವು ಮೃದು ಗರಿಗಳೇ ಪುಡಿಯಾಗಿ ಉದುರುತ್ತವೆ, ಅದೇ ಅದರ ಟಾಲ್ಕಂ ಪೌಡರ್. ವಾರಕ್ಕೆ ಎರಡು ಮೂರು ಸಲ ಹೊಸ ಸ್ಪ್ರೇ ಬಾಟಲಿಯಿಂದ ತಣ್ಣೀರನ್ನು ತಲೆ ಮೇಲಿಂದ ಮಂಜಿನಂತೆ ಬೀಳಿಸಿ. ಮುಖಕ್ಕೆ ನೇರ ಹೊಡೆಯಬೇಡಿ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಪಂಜರ ಮಲಗುವ ಕೋಣೆಯಲ್ಲಿ ಬೇಡ.

ಪ್ರಶ್ನೆ: ತಾರಸಿ ಮೇಲೆ ಪ್ಲಾಸ್ಟಿಕ್ ಬಕೆಟ್ ತುಂಬ ನೀರಿಟ್ಟಿದ್ದೇನೆ. ಗುಬ್ಬಿಗಳು ಅದನ್ನು ಬಿಟ್ಟು ಪಕ್ಕದ ಮನೆ ಕಟ್ಟಲು ಸುರಿದ ಮರಳಲ್ಲಿ ಹೊರಳಾಡುತ್ತವೆ. ಯಾಕೆ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಬಕೆಟ್ ಅಂದರೆ ಗುಬ್ಬಿಗೆ ಬಾವಿ, ಸಾರ್. ಮುಳುಗಿ ಸತ್ತೇ ಹೋದೀತು. ಮೊದಲು ಅದನ್ನು ತೆಗೆಯಿರಿ. ಗಿಡದ ಕುಂಡದ ಕೆಳಗಿಡುವ ಮಣ್ಣಿನ ತಟ್ಟೆ ಸಾಕು. ಒಂದು ಇಂಚು ನೀರು, ನಡುವೆ ಒರಟು ಕಲ್ಲು. ದಿನಾ ಚೆಲ್ಲಿ, ಉಜ್ಜಿ, ಹೊಸ ನೀರು ಹಾಕಿ. ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಸುಮಾರು ವಾರ ಬೇಕು, ಆ ಅವಕಾಶವೇ ಸಿಗಬಾರದು.

ಮರಳಿನ ಆಟವೂ ಸ್ನಾನವೇ. ಒಣ ಧೂಳು ಗರಿಯ ಹೆಚ್ಚಿನ ಜಿಡ್ಡು ಹೀರಿಕೊಳ್ಳುತ್ತದೆ. ನಾಟಿಕೋಳಿ, ನವಿಲು, ಗೌಜಲಹಕ್ಕಿಯದೂ ಇದೇ ಅಭ್ಯಾಸ. ಗುಬ್ಬಿಗೆ ಎರಡೂ ಬೇಕು, ನೀರೂ ಮಣ್ಣೂ. ಹತ್ತಿರ ಹೋಗದೆ ಕಿಟಕಿಯಿಂದ ನೋಡಿ: ಒಂದೊಂದು ಗುಬ್ಬಿಯೂ ಎದೆ ಒತ್ತಿ ಬಟ್ಟಲಷ್ಟು ಗುಳಿ ಮಾಡಿಕೊಂಡಿರುತ್ತದೆ. ಇನ್ನೊಂದು ಬಂದರೆ ಜಗಳ, ಥೇಟ್ ನಲ್ಲಿ ಮುಂದೆ ಕೊಡ ಇಟ್ಟವರ ಹಾಗೆ!

ನಮ್ಮ ಹಿತ್ತಲ ಬಟ್ಟೆ ಒಗೆಯೋ ಕಲ್ಲಿನ ಗುಳಿಯಲ್ಲಿ ನೀರು ನಿಂತರೆ ಒಂದು ಮಡಿವಾಳ ಹಕ್ಕಿ ಮೀಯಲು ಬರುತ್ತದೆ. ಹೆಸರಿಗೆ ತಕ್ಕ ಹಕ್ಕಿ, ಅಲ್ವಾ? ಅದು ಮುಗಿಸಿ ಹೋಗುವವರೆಗೆ ನಾನು ಬಟ್ಟೆ ನೆನೆಸುವುದಿಲ್ಲ. ಪಕ್ಕದ ಮರಳು ಖಾಲಿಯಾಗುವ ಮುಂಚೆ ಎರಡು ಬೊಗಸೆ ಕೇಳಿ ತಂದು ಒಂದು ಹಳೇ ತಟ್ಟೆಗೆ ಹಾಕಿಡಿ, ಸಾರ್. ಮಳೆಗೆ ನೆನೆಯದ ಕಡೆ ಇರಲಿ.