ಟೆಕ್ಸಾಸ್‌ನ ಕಾಡುಹಂದಿಗೆ .223 ಸಾಕಾ?

ಟೆಕ್ಸಾಸ್‌ನಲ್ಲಿ ಗೆಳೆಯರ ಜಮೀನಿಗೆ ನುಗ್ಗುವ ಹಂದಿಗೆ ನಿಮ್ಮ .223 ರೈಫಲ್ ಸಾಕಾ, ಇನ್ನೂ ದೊಡ್ಡ ಗುಂಡಿನ .308 ಬೇಕಾ ಅಂತ ಕೇಳಿದ್ದೀರಿ. ನಾನಾದರೆ .308 ವಿಂಚೆಸ್ಟರ್ ತೆಗೆದುಕೊಳ್ಳುತ್ತೇನೆ, 150 ಗ್ರೇನ್ (ಗುಂಡಿನ ತೂಕದ ಅಳತೆ) ಸಾಫ್ಟ್ ಪಾಯಿಂಟ್ ಗುಂಡು, ಅಂದರೆ ತಗುಲಿದಾಗ ಅಗಲವಾಗುವ ಮೆತ್ತನೆ ತುದಿಯದು. .223ರಲ್ಲೂ ಹಂದಿ ಬೀಳುತ್ತದೆ, ಸುಳ್ಳಲ್ಲ, ಆದರೆ ಅದರ ಗುಂಡು ಸಾಮಾನ್ಯವಾಗಿ 55 ಗ್ರೇನ್ ಅಷ್ಟೇ, ಕಿವಿಯ ಬುಡಕ್ಕೆ ಸರಿಯಾಗಿ ಹೊಡೆಯುವ ಕೈ ಇರಬೇಕು. ವಯಸ್ಸಾದ ಗಂಡುಹಂದಿಯ ಭುಜದ ಮೇಲೆ ಗಟ್ಟಿ ಪದರ ಇರುತ್ತದೆ. ಚರ್ಮ ಸುಲಿಯುವಾಗ ಮುಟ್ಟಿ ನೋಡಿ, ಹಳೇ ಟೈರ್ ಮುಟ್ಟಿದ ಹಾಗೆ. ಹಗುರ ಗುಂಡು ಅಲ್ಲೇ ಒಡೆದು ಹೋದರೆ ಹಂದಿ ಗಾಯದಲ್ಲೇ ಪೊದೆ ಸೇರಿ ನರಳುತ್ತದೆ, ಅದು ಆಗಬಾರದು ಅಲ್ವಾ. .308ರ ಒದೆತ ಜಾಸ್ತಿ ಅನಿಸಿದರೆ .243 ನೋಡಿ, 100 ಗ್ರೇನ್ ಗುಂಡಿನಲ್ಲಿ.

ಇನ್ನೊಂದು, ಹಂದಿಯ ಹೃದಯ ಜಿಂಕೆಯದ್ದಕ್ಕಿಂತ ಮುಂದೆ, ಕೆಳಗೆ ಇರುತ್ತದೆ. ಜಿಂಕೆಗೆ ಇಟ್ಟ ಹಾಗೆ ಭುಜದ ಹಿಂದೆ ಗುರಿ ಇಟ್ಟರೆ ಗುಂಡು ಹೊಟ್ಟೆಗೆ ಹೋಗಬಹುದು. ಪಕ್ಕಕ್ಕೆ ತಿರುಗಿ ನಿಂತಾಗ ಮುಂಗಾಲಿನ ನೇರಕ್ಕೆ, ಎದೆಯ ಕೆಳಭಾಗಕ್ಕೆ ಇಡಿ. .308 ಗುಂಡು ಹಂದಿಯನ್ನು ದಾಟಿಯೂ ಹೋಗುತ್ತದೆ, ಹಿಂದೆ ಮಣ್ಣಿನ ದಿಬ್ಬ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ 2019ರ ಸೆಪ್ಟೆಂಬರ್‌ನಿಂದ ಅಲ್ಲಿ ಹಂದಿಗೆ ಬೇಟೆ ಲೈಸೆನ್ಸ್ ಬೇಡ.